ಮಗನ ಮೇಲೆ ಗಾಂಜಾ ಮೊಕದ್ದಮೆ: ಮೊದಲ ಅರುವತ್ತು ದಿನಗಳು

(ಭೀಮರಾಯನಗುಡಿಯಲ್ಲಿ ನಡೆದ ಪೋಷಕರ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಮಾದಕ ವಸ್ತುಗಳ ಕುರಿತು ಮಾತನಾಡಬೇಕೆಂದು ಸಂಘಟಕರು ಕೇಳಿಕೊಂಡಾಗ ನಾನು ಸ್ವಲ್ಪ ಹಿಂಜರಿದೆ. ಅಮಲಿನ ನಿಷೇಧದ ಬಗ್ಗೆ ಉಲಮಾಗಳಲ್ಲಿ ಭಿನ್ನಾಭಿಪ್ರಾಯವಿಲ್ಲ. ಶುಕ್ರವಾರದ ಖುತುಬಾಗಳಲ್ಲಿ ನೀವದನ್ನು ಕೇಳುತ್ತಲೇ ಬಂದಿದ್ದೀರಿ. ನಾನೂ ಅದನ್ನೇ ಇನ್ನೊಮ್ಮೆ ಹೇಳಿ ಇಳಿದುಹೋದರೆ ನಿಮ್ಮ ಸಮಯ ವ್ಯರ್ಥ. ಆದ್ದರಿಂದ ಖುತುಬಾದಲ್ಲಿ ಬರದ ಸಂಗತಿಯೊಂದನ್ನು ಇಂದು ಎತ್ತಿಕೊಳ್ಳುತ್ತೇನೆ. ನಮ್ಮ ಮನೆಯ ಹುಡುಗನೊಬ್ಬ ಮೊತ್ತಮೊದಲ ಬಾರಿಗೆ ಇಂತಹ ಪ್ರಕರಣದಲ್ಲಿ ಸಿಕ್ಕಿಬಿದ್ದರೆ ಕಾನೂನಿನಲ್ಲಿ ಆತನಿಗಿರುವ ದಾರಿಗಳೇನು? ನಾನು ವಕೀಲನಲ್ಲ. ಪತ್ರಕರ್ತನಾಗಿ ನ್ಯಾಯಾಲಯಗಳ ವರಾಂಡದಲ್ಲಿ ಕುಳಿತು ನೋಡಿದ್ದನ್ನೂ ಕಾಯ್ದೆಯನ್ನು ಓದಿ ತಿಳಿದದ್ದನ್ನೂ ಹೇಳುತ್ತೇನೆ. ಪ್ರಕರಣ ಬಂದಾಗ ವಕೀಲರನ್ನೇ ಕಾಣಬೇಕು.

ಕೆಲವು ಸಮಯದ ಹಿಂದೆ ಇದೇ ತಾಲೂಕಿನ ಹಳ್ಳಿಯೊಂದರಿಂದ ಹಿರಿಯರೊಬ್ಬರು ನನ್ನನ್ನು ಹುಡುಕಿಕೊಂಡು ಬಂದರು. ಅವರ ಮಗನಿಗೆ ಇಪ್ಪತ್ತೊಂದು ವರ್ಷ. ನಮ್ಮ ಭಾಗದ ಸಾವಿರಾರು ಮಂದಿಯಂತೆ ಬೆಂಗಳೂರಿಗೆ ದುಡಿಯಲು ಹೋದವನು. ಗೆಳೆಯನ ಬೈಕಿನ ಹಿಂದೆ ಕುಳಿತು ಹೋಗುವಾಗ ಪೊಲೀಸರು ತಡೆದರು. ಬ್ಯಾಗಿನಲ್ಲಿ ಗಾಂಜಾ ಸಿಕ್ಕಿತು. ಆ ತಂದೆ ನನ್ನಲ್ಲಿ ಹೇಳಿದ ಮೊದಲ ಮಾತು ಹೀಗಿತ್ತು: “ಮೌಲ್ವಿ ಸಾಬ್, ಹುಡುಗ ಸೇದ್ತಿದ್ದದ್ದು ಖರೇ ಅದ. ಆದ್ರ ಮಾರ್ತಿದ್ದಿಲ್ರಿ.” ತೂಕ ಎಷ್ಟೆಂದು ಕೇಳಿದೆ. ಗೊತ್ತಿಲ್ಲವೆಂದರು. ಬಂಧನವಾಗಿ ಎಷ್ಟು ದಿನವಾಯಿತೆಂದು ಕೇಳಿದೆ. ಬೆರಳೆಣಿಸಿ, ಎಂಬತ್ತು ದಾಟಿರಬೇಕೆಂದರು. ಆರೋಪಪಟ್ಟಿ ಸಲ್ಲಿಕೆಯಾಯಿತೇ ಎಂದೆ. ಆ ಪದವನ್ನೇ ಅವರು ಕೇಳಿರಲಿಲ್ಲ. ಮಧ್ಯವರ್ತಿಯೊಬ್ಬನಿಗೆ ಕೊಟ್ಟ ಹಣದ ಲೆಕ್ಕ ಮಾತ್ರ ರೂಪಾಯಿ ಸಹಿತ ಅವರಿಗೆ ಗೊತ್ತಿತ್ತು. ಎರಡು ಎತ್ತು ಮಾರಿದ್ದರು.

ತೂಕ ಮತ್ತು ದಿನ: ಈ ಎರಡು ಸಂಖ್ಯೆಗಳ ಮೇಲೆ ಇಂತಹ ಪ್ರಕರಣ ನಿಂತಿರುತ್ತದೆ. ಆ ತಂದೆಗೆ ಗೊತ್ತಿರದೇ ಇದ್ದದ್ದು ಆ ಎರಡೇ.

1985ರಲ್ಲಿ ಸಂಸತ್ತು ಅಂಗೀಕರಿಸಿದ ಮಾದಕ ದ್ರವ್ಯ ಮತ್ತು ಮನೋಪರಿಣಾಮಿ ವಸ್ತುಗಳ ಕಾಯ್ದೆಯನ್ನು ಜನ ಎನ್‌ಡಿಪಿಎಸ್ ಎಂದು ಕರೆಯುತ್ತಾರೆ. ಆರಂಭದಲ್ಲಿ ಇದರಲ್ಲಿ ದೊಡ್ಡ ಸಾಗಾಟಗಾರನಿಗೂ ಚಿಲ್ಲರೆಯಾಗಿ ಸಿಕ್ಕಿಬಿದ್ದವನಿಗೂ ಹೆಚ್ಚಿನ ವ್ಯತ್ಯಾಸವಿರಲಿಲ್ಲ. 2001ರ ತಿದ್ದುಪಡಿ ಶಿಕ್ಷೆಯನ್ನು ತೂಕಕ್ಕೆ ಜೋಡಿಸಿತು. ಗಾಂಜಾದ ಮಟ್ಟಿಗೆ ಒಂದು ಕಿಲೋವರೆಗೆ ಅಲ್ಪ ಪ್ರಮಾಣ, ಇಪ್ಪತ್ತು ಕಿಲೋಗಿಂತ ಹೆಚ್ಚಿನದ್ದು ವಾಣಿಜ್ಯ ಪ್ರಮಾಣ. ಅಲ್ಪ ಪ್ರಮಾಣಕ್ಕೆ ಒಂದು ವರ್ಷದವರೆಗೆ ಕಠಿಣ ಸಜೆ, ಇಲ್ಲವೇ ಹತ್ತು ಸಾವಿರ ರೂಪಾಯಿಯವರೆಗೆ ದಂಡ, ಅಥವಾ ಎರಡೂ. 2014ರ ತಿದ್ದುಪಡಿಗೆ ಮುಂಚೆ ಇದು ಆರು ತಿಂಗಳಾಗಿತ್ತು. ವಾಣಿಜ್ಯ ಪ್ರಮಾಣಕ್ಕೆ ಕನಿಷ್ಠ ಹತ್ತು ವರ್ಷ, ಗರಿಷ್ಠ ಇಪ್ಪತ್ತು ವರ್ಷ, ಜೊತೆಗೆ ಕನಿಷ್ಠ ಒಂದು ಲಕ್ಷ ರೂಪಾಯಿ ದಂಡ. ಇವೆರಡರ ನಡುವಿನದ್ದಕ್ಕೆ ಹತ್ತು ವರ್ಷದವರೆಗೆ ಸಜೆ ಮತ್ತು ಒಂದು ಲಕ್ಷದವರೆಗೆ ದಂಡ. ಕನಿಷ್ಠ ಇಂತಿಷ್ಟೆಂದು ಇಲ್ಲ. ಅಂದರೆ 990 ಗ್ರಾಂ ಮತ್ತು 1,010 ಗ್ರಾಂ ನಡುವಿನ ಇಪ್ಪತ್ತು ಗ್ರಾಂ ಒಂದು ವರ್ಷವನ್ನು ಹತ್ತು ವರ್ಷವಾಗಿಸಬಲ್ಲುದು.

ಗಾಂಜಾವನ್ನು ಬಿಟ್ಟರೆ ಉಳಿದ ಹೆಚ್ಚಿನವುಗಳ ಮಿತಿ ಇನ್ನೂ ಕಡಿಮೆ. ಚರಸ್‌ಗೆ ನೂರು ಗ್ರಾಂ ಅಲ್ಪ, ಒಂದು ಕಿಲೋ ವಾಣಿಜ್ಯ. ಹೆರಾಯಿನ್‌ಗೆ ಐದು ಗ್ರಾಂ ಮತ್ತು 250 ಗ್ರಾಂ. ನಗರಗಳಲ್ಲಿ ವಿದ್ಯಾರ್ಥಿಗಳ ಕೈಗೆ ಬರುತ್ತಿರುವ ಎಂಡಿಎಂಎಗೆ ಅರ್ಧ ಗ್ರಾಂ ಅಲ್ಪ, ಹತ್ತು ಗ್ರಾಂ ವಾಣಿಜ್ಯ. ಹತ್ತು ಗ್ರಾಂ ಎಂದರೆ ಅಂಗೈಯಲ್ಲಿ ಮುಚ್ಚಿಕೊಳ್ಳಬಹುದಾದಷ್ಟು. ನಿದ್ರೆಗೆ ಕೊಡುವ ಅಲ್ಪ್ರಾಜೋಲಮ್‌ಗೆ ಐದು ಗ್ರಾಂ ಮತ್ತು ನೂರು ಗ್ರಾಂ. ಮಾತ್ರೆಯಲ್ಲಿ ಔಷಧ ಇರುವುದು ಮಿಲಿಗ್ರಾಂ ಲೆಕ್ಕದಲ್ಲಿ, ಉಳಿದದ್ದು ಹಿಟ್ಟು ಎಂದು ವಾದಿಸುವಂತಿಲ್ಲ. ಬೆರಕೆಯ ವಸ್ತುವನ್ನೂ ಸೇರಿಸಿ ಒಟ್ಟು ತೂಕವನ್ನೇ ಲೆಕ್ಕ ಹಿಡಿಯಬೇಕೆಂದು 2020ರ ಏಪ್ರಿಲ್‌ನಲ್ಲಿ ಹೀರಾ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿದೆ. ಔಷಧದಂಗಡಿಯಲ್ಲಿ ಕೆಲಸ ಮಾಡುವ ಹುಡುಗರ ತಂದೆ ತಾಯಂದಿರು ಇದನ್ನು ವಿಶೇಷವಾಗಿ ಗಮನಿಸಬೇಕು. ಚೀಟಿಯಿಲ್ಲದೆ ಪಟ್ಟಿಗಟ್ಟಲೆ ಮಾತ್ರೆ ಮಾರುವುದು ಸಣ್ಣ ತಪ್ಪೆಂಬ ಭಾವನೆ ಇನ್ನೂ ಇದೆ.

ಗಾಂಜಾಕ್ಕೆ ಮಾತ್ರ ಒಂದು ವ್ಯತ್ಯಾಸವುಂಟು. ಕಾಯ್ದೆಯ ಪ್ರಕಾರ ಗಾಂಜಾ ಎಂದರೆ ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿ. ಆ ತುದಿಯೊಂದಿಗೆ ಸೇರಿರದ ಬೀಜ ಮತ್ತು ಎಲೆ ಗಾಂಜಾ ಅಲ್ಲ. ಎಲೆಯಿಂದ ಮಾಡಿದ ಭಂಗಿ ಈ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲವೆಂದು ಕರ್ನಾಟಕ ಹೈಕೋರ್ಟ್ 2022ರಲ್ಲಿ ಜಾಮೀನು ಅರ್ಜಿಯೊಂದರಲ್ಲಿ ಹೇಳಿತ್ತು. ಪಂಚನಾಮೆಯಲ್ಲಿ ಕಾಂಡ, ಎಲೆ, ಬೀಜ, ಪ್ಲಾಸ್ಟಿಕ್ ಚೀಲ ಎಲ್ಲವನ್ನೂ ಸೇರಿಸಿ ತೂಗಿದ್ದರೆ ವಕೀಲರು ಅದನ್ನು ಪ್ರಶ್ನಿಸಲೇಬೇಕು. ಆ ಹಿರಿಯರ ಮಗನ ಪ್ರಕರಣದಲ್ಲಿ ನಮೂದಾಗಿದ್ದ ತೂಕ 1 ಕಿಲೋ 150 ಗ್ರಾಂ, ಚೀಲ ಸಹಿತ!

ಇನ್ನು ಬಂಧನದ ಹೊತ್ತು. ಫೋನ್ ಬಂದೊಡನೆ ತಂದೆ ತಾಯಿ ಮೊದಲು ಮಾಡುವುದು ಅಳುವುದು, ಎರಡನೆಯದಾಗಿ ಯಾರಾದರೂ ಮುಖಂಡರ ನಂಬರು ಹುಡುಕುವುದು. ಎರಡೂ ಸಹಜವೇ. ಆದರೆ ಅದಕ್ಕೂ ಮೊದಲು ಒಂದು ಕಾಗದ ತೆಗೆದುಕೊಂಡು ಬರೆದಿಡಿ: ಯಾವ ಠಾಣೆ, ಎಷ್ಟು ಗಂಟೆಗೆ ಹಿಡಿದರು, ಎಲ್ಲಿ ಹಿಡಿದರು, ಜೊತೆಯಲ್ಲಿ ಯಾರಿದ್ದರು, ವಸ್ತು ಸಿಕ್ಕಿದ್ದು ಜೇಬಿನಲ್ಲೋ ಬ್ಯಾಗಿನಲ್ಲೋ ಕೋಣೆಯಲ್ಲೋ. ಇಪ್ಪತ್ನಾಲ್ಕು ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವುದು ಸಂವಿಧಾನದ 22ನೇ ವಿಧಿಯ ಆಜ್ಞೆ. ಬಂಧನದ ಕಾರಣಗಳನ್ನು ಆತನಿಗೆ ಅರ್ಥವಾಗುವ ಭಾಷೆಯಲ್ಲಿ, ಬರಹದಲ್ಲಿಯೇ ಕೊಡಬೇಕೆಂದು ಸುಪ್ರೀಂ ಕೋರ್ಟ್ 2025ರಲ್ಲಿ ಸ್ಪಷ್ಟಪಡಿಸಿದೆ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಬಂಧನ ಕಡ್ಡಾಯವೂ ಅಲ್ಲ, ನೋಟಿಸು ಕೊಟ್ಟು ಕರೆಯಬಹುದು. ಸೇದಿದ ಅಥವಾ ಅಲ್ಪ ಪ್ರಮಾಣ ಇಟ್ಟುಕೊಂಡ ಆರೋಪ ಈ ಗುಂಪಿಗೆ ಸೇರುತ್ತದೆ.

ಕಾಯ್ದೆ ಕಠೋರವಾಗಿರುವುದರಿಂದಲೇ ಶೋಧನೆಗೆ ಅದು ಕಟ್ಟುನಿಟ್ಟಾದ ಕ್ರಮವನ್ನೂ ಇಟ್ಟಿದೆ. ಮೈ ತಪಾಸಣೆ ಮಾಡುವ ಮುನ್ನ, ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಸಮ್ಮುಖದಲ್ಲಿ ತಪಾಸಣೆ ನಡೆಸಿಕೊಳ್ಳುವ ಹಕ್ಕು ನಿನಗಿದೆಯೆಂದು ಅಧಿಕಾರಿ ಹೇಳಬೇಕು. ಇದು 50ನೇ ಕಲಂ. ಹೇಳಿದೆವೆಂಬ ಶಾಸ್ತ್ರ ಸಾಲದು, ಅದೊಂದು ಹಕ್ಕೆಂಬುದು ಆತನಿಗೆ ತಿಳಿಯಬೇಕೆಂದು 2010ರಲ್ಲಿ ಸಂವಿಧಾನ ಪೀಠ ಹೇಳಿತು. ಆದರೆ ಕೈಯಲ್ಲಿದ್ದ ಬ್ಯಾಗಿಗೆ ಈ ಕಲಂ ಅನ್ವಯಿಸದು. ಹಾಗಾಗಿಯೇ ಜೇಬೋ ಬ್ಯಾಗೋ ಎಂದು ಬರೆದಿಡಿ ಎಂದೆ. ಮನೆಯ ಶೋಧನೆಗೆ 42ನೇ ಕಲಂ ಇದೆ. ಬಂದ ಮಾಹಿತಿಯನ್ನು ಬರೆದಿಟ್ಟು ಮೇಲಧಿಕಾರಿಗೆ ಕಳುಹಿಸಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ಶೋಧನೆ ಮತ್ತು ಜಪ್ತಿಯನ್ನು ವೀಡಿಯೋ ಮಾಡಬೇಕು. ಆ ವೀಡಿಯೋ ಎಲ್ಲಿದೆಯೆಂದು ಮೊದಲ ದಿನದಿಂದಲೇ ವಕೀಲರು ಕೇಳಲಿ. ಮಾದರಿ ತೆಗೆಯುವುದು ಮ್ಯಾಜಿಸ್ಟ್ರೇಟರ ಸಮ್ಮುಖದಲ್ಲಿ ಆಗಬೇಕೆಂದು 52ಎ ಕಲಂ ಹೇಳುತ್ತದೆ. ಇವುಗಳಲ್ಲೊಂದು ಲೋಪವಾದ ಮಾತ್ರಕ್ಕೆ ಪ್ರಕರಣ ಬಿದ್ದುಹೋಗುತ್ತದೆಂದು ಯಾರಾದರೂ ಭರವಸೆ ಕೊಟ್ಟರೆ ನಂಬಬೇಡಿ. 52ಎಯ ಲೋಪವೊಂದೇ ಸಾಲದೆಂದು 2025ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಆದರೆ ಲೋಪಗಳು ಕೂಡುತ್ತಾ ಹೋದಂತೆ ಪ್ರಾಸಿಕ್ಯೂಷನ್ನಿನ ವಾದ ಸಡಿಲವಾಗುತ್ತದೆ. ವಸ್ತು ಕೈಯಲ್ಲಿ ಸಿಕ್ಕಿತೆಂದು ತೋರಿಸಿದರೆ ಸಾಕು, ಅದರ ಅರಿವು ತನಗಿರಲಿಲ್ಲವೆಂದು ಸಾಬೀತುಪಡಿಸುವ ಹೊರೆ ಈ ಕಾಯ್ದೆಯಲ್ಲಿ ಆರೋಪಿಯ ಹೆಗಲಿಗೆ ಬೀಳುತ್ತದೆ. ಅಂತಹ ಕಾಯ್ದೆಯ ಎದುರು ಈ ಸಣ್ಣ ಸಣ್ಣ ಕ್ರಮಗಳೇ ಬಡವನ ರಕ್ಷಣೆ.

ತಪ್ಪೊಪ್ಪಿಗೆಯ ವಿಷಯದಲ್ಲಿ ನಮ್ಮ ಹುಡುಗರು ಹೆದರಿ ಏನು ಬೇಕಾದರೂ ಬರೆದುಕೊಡುತ್ತಾರೆ, ಖಾಲಿ ಹಾಳೆಗೂ ಸಹಿ ಹಾಕುತ್ತಾರೆ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಸಾಕ್ಷ್ಯವಾಗದೆಂಬುದು ಹಳೆಯ ನಿಯಮ. ಎನ್‌ಸಿಬಿಯಂತಹ ಸಂಸ್ಥೆಗಳ ಅಧಿಕಾರಿಗಳು ಪೊಲೀಸರಲ್ಲ, ಅವರ ಮುಂದೆ 67ನೇ ಕಲಮಿನಡಿ ಕೊಟ್ಟ ಹೇಳಿಕೆ ನಡೆಯುತ್ತದೆಂಬ ವಾದ ಬಹುಕಾಲ ಚಾಲ್ತಿಯಲ್ಲಿತ್ತು. 2020ರ ಅಕ್ಟೋಬರ್ 29ರಂದು ತೋಫಾನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬಹುಮತದಿಂದ ಅದನ್ನು ತಳ್ಳಿಹಾಕಿತು. ಮರುವರ್ಷವೇ ಅದರ ಪ್ರಯೋಜನ ದೇಶದ ಕಣ್ಣಿಗೆ ಬಿತ್ತು. ನಟ ಶಾರುಖ್ ಖಾನರ ಮಗ ಆರ್ಯನ್ ಖಾನ್ 2021ರ ಅಕ್ಟೋಬರ್ 3ರಂದು ಬಂಧಿತನಾದ. ಅವನ ಬಳಿ ಯಾವ ವಸ್ತುವೂ ಸಿಕ್ಕಿರಲಿಲ್ಲ. ವಾಟ್ಸಾಪ್ ಮಾತುಕತೆಯ ಮೇಲೆ ಸಂಚಿನ ಆರೋಪ ಹೊರಿಸಲಾಯಿತು. 28ರಂದು ಬಾಂಬೆ ಹೈಕೋರ್ಟ್ ಜಾಮೀನು ನೀಡಿತು, 30ರಂದು ಹೊರಬಂದ. 2022ರ ಮೇ ತಿಂಗಳಲ್ಲಿ ಎನ್‌ಸಿಬಿ ಸಲ್ಲಿಸಿದ ಆರೋಪಪಟ್ಟಿಯಲ್ಲಿ ಅವನ ಹೆಸರೇ ಇರಲಿಲ್ಲ. ಅಷ್ಟು ಹಣ, ಅಷ್ಟು ಹೆಸರಾಂತ ವಕೀಲರು ಇದ್ದೂ ಸುಮಾರು ನಾಲ್ಕು ವಾರ ಜೈಲಿನಲ್ಲಿ ಕಳೆಯಬೇಕಾಯಿತು. ಶಹಾಪುರದ ಹಮಾಲನ ಮಗನಿಗೆ ಎಷ್ಟು ವಾರ ಬೇಕಾದೀತೆಂದು ನೀವೇ ಲೆಕ್ಕ ಹಾಕಿಕೊಳ್ಳಿ.

ಈಗ ಜಾಮೀನು. ವಾಣಿಜ್ಯ ಪ್ರಮಾಣವಾದರೆ, ಅಥವಾ ಅಕ್ರಮ ಸಾಗಾಟಕ್ಕೆ ಹಣ ಹೂಡಿದ ಆರೋಪವಿದ್ದರೆ, 37ನೇ ಕಲಂ ಅಡ್ಡ ನಿಲ್ಲುತ್ತದೆ. ಆರೋಪಿ ತಪ್ಪಿತಸ್ಥನಲ್ಲವೆಂದು ನಂಬಲು ಸಕಾರಣವಿದೆ, ಹೊರಗೆ ಬಂದರೆ ಮತ್ತೆ ಅಪರಾಧ ಮಾಡಲಾರ ಎಂದು ನ್ಯಾಯಾಲಯಕ್ಕೆ ಮನವರಿಕೆಯಾಗಬೇಕು. ಇದು ಸುಲಭವಲ್ಲ. ಅಲ್ಪ ಮತ್ತು ಮಧ್ಯಮ ಪ್ರಮಾಣಗಳಿಗೆ ಈ ಅಡ್ಡಿಯಿಲ್ಲ. ಅಲ್ಲಿ ಸಾಮಾನ್ಯ ಜಾಮೀನಿನ ಮಾನದಂಡಗಳೇ ಸಾಕು: ಹಿಂದೆ ಪ್ರಕರಣಗಳಿಲ್ಲ, ವಾಸಸ್ಥಳ ಖಚಿತವಿದೆ, ಓದುತ್ತಿದ್ದಾನೆ ಅಥವಾ ದುಡಿಯುತ್ತಿದ್ದಾನೆ, ಓಡಿಹೋಗಲಾರ. ಮೊದಲ ಬಾರಿಗೆ ಆರೋಪಿಯಾದವನಿಗೆ ಇವು ಬಲವಾದ ಅಂಶಗಳು. ಆದ್ದರಿಂದ ಆಧಾರ್, ಪಡಿತರ ಚೀಟಿ, ಕಾಲೇಜಿನ ಅಥವಾ ಮಾಲೀಕರ ಪತ್ರ ಇವುಗಳನ್ನು ಮೊದಲ ವಾರದಲ್ಲೇ ವಕೀಲರ ಕೈಗೆ ಮುಟ್ಟಿಸಿ. ಅಲ್ಪ ಪ್ರಮಾಣದ ಪ್ರಕರಣ ಮ್ಯಾಜಿಸ್ಟ್ರೇಟ್ ನ್ಯಾಯಾಲಯದ ಮುಂದೆ ಬರುತ್ತದೆ. ಮೂರು ವರ್ಷಕ್ಕಿಂತ ಹೆಚ್ಚು ಶಿಕ್ಷೆಯಿರುವುದನ್ನು ವಿಶೇಷ ನ್ಯಾಯಾಲಯವೇ ವಿಚಾರಿಸಬೇಕು. ಅಲ್ಲಿ ತಿರಸ್ಕೃತವಾದರೆ ನಮ್ಮ ಭಾಗದವರು ಬೆಂಗಳೂರಿಗೆ ಓಡಬೇಕಾಗಿಲ್ಲ, ಹೈಕೋರ್ಟಿನ ಕಲಬುರಗಿ ಪೀಠವಿದೆ.

ದಿನಗಳ ಲೆಕ್ಕ ಇಲ್ಲಿ ಬರುತ್ತದೆ. ಮಧ್ಯಮ ಪ್ರಮಾಣದ ಪ್ರಕರಣದಲ್ಲಿ, ರಿಮಾಂಡ್ ಆದಂದಿನಿಂದ ಅರುವತ್ತು ದಿನಗಳೊಳಗೆ ತನಿಖಾಧಿಕಾರಿ ಆರೋಪಪಟ್ಟಿ ಸಲ್ಲಿಸದಿದ್ದರೆ ಆರೋಪಿಗೆ ಜಾಮೀನು ಪಡೆಯುವ ಹಕ್ಕು ಹುಟ್ಟುತ್ತದೆ. ಅದು ನ್ಯಾಯಾಧೀಶರ ದಯೆಯನ್ನು ಅವಲಂಬಿಸಿದ್ದಲ್ಲ. ವಾಣಿಜ್ಯ ಪ್ರಮಾಣದಲ್ಲಿ ಈ ಅವಧಿ 180 ದಿನ, ಪ್ರಾಸಿಕ್ಯೂಟರರ ವರದಿಯ ಮೇಲೆ ಒಂದು ವರ್ಷದವರೆಗೂ ಹಿಗ್ಗಿಸಬಹುದು. ಆದರೆ ಈ ಹಕ್ಕು ತಾನಾಗಿ ಬಂದು ಬಾಗಿಲು ತಟ್ಟುವುದಿಲ್ಲ. ಅರ್ಜಿ ಹಾಕಬೇಕು, ಆರೋಪಪಟ್ಟಿ ಬರುವ ಮೊದಲೇ ಹಾಕಬೇಕು. ಅರುವತ್ತೊಂದನೇ ದಿನ ಅರ್ಜಿ ಹಾಕದೆ ಎಪ್ಪತ್ತನೇ ದಿನ ಆರೋಪಪಟ್ಟಿ ಬಂದರೆ ಹಕ್ಕು ಅಲ್ಲಿಗೆ ಮುಗಿಯಿತು. ನಾನು ಹೇಳಿದ ಹುಡುಗನ ಪ್ರಕರಣದಲ್ಲಿ ಆರೋಪಪಟ್ಟಿ ಬಂದದ್ದು ಎಪ್ಪತ್ನಾಲ್ಕನೇ ದಿನ. ನಡುವಣ ಹದಿಮೂರು ದಿನ ಬಾಗಿಲು ತೆರೆದೇ ಇತ್ತು. ಎತ್ತು ಮಾರಿದ ಹಣ ಪಡೆದ ಮಧ್ಯವರ್ತಿ “ಎಲ್ಲ ಮಾತಾಡಿದೀನಿ, ನೀವು ಕೋರ್ಟಿಗೆ ಬರಬ್ಯಾಡ್ರಿ” ಎಂದು ಆ ತಂದೆಯನ್ನು ಊರಲ್ಲೇ ಕೂರಿಸಿದ್ದ. ದಯವಿಟ್ಟು ಮನೆಯ ಕ್ಯಾಲೆಂಡರಿನಲ್ಲಿ ರಿಮಾಂಡಿನ ದಿನಾಂಕಕ್ಕೆ ಗುರುತು ಹಾಕಿ, ಪ್ರತಿ ವಾರ ಎಣಿಸಿ.

ಇಲ್ಲಿಯವರೆಗೆ ಹೇಳಿದ್ದು ದೊಡ್ಡ ಪ್ರಕರಣಗಳ ಮಾತು. ನನ್ನನ್ನು ಹೆಚ್ಚು ಕಾಡುವುದು ಸಣ್ಣ ಪ್ರಕರಣಗಳು. ಊರ ಹೊರಗಿನ ಕಾಲುವೆಯ ಏರಿಯ ಮೇಲೆ ನಾಲ್ವರು ಹುಡುಗರು ಕುಳಿತು ಸೇದುತ್ತಿರುವಾಗ ಸಿಕ್ಕಿಬೀಳುತ್ತಾರೆ. ರಕ್ತ, ಮೂತ್ರ ಪರೀಕ್ಷೆಯಾಗುತ್ತದೆ. 27ನೇ ಕಲಮಿನಡಿ ಸೇವನೆಯ ಪ್ರಕರಣ. ಗಾಂಜಾಕ್ಕಾದರೆ ಆರು ತಿಂಗಳವರೆಗೆ ಸಜೆ ಅಥವಾ ಹತ್ತು ಸಾವಿರದವರೆಗೆ ದಂಡ ಅಥವಾ ಎರಡೂ. ಅಷ್ಟರಲ್ಲಿ ಯಾರೋ ಹಿತೈಷಿಗಳು ಬಂದು, ತಪ್ಪಾಯಿತೆಂದು ಒಪ್ಪಿಕೊಳ್ಳಲಿ, ದಂಡ ಕಟ್ಟಿ ಇಂದೇ ಮನೆಗೆ ಹೋಗಲಿ, ಎಷ್ಟು ಸಲ ಕೋರ್ಟಿಗೆ ಅಲೆಯುತ್ತೀರಿ ಎನ್ನುತ್ತಾರೆ. ತಂದೆಗೂ ಅದೇ ಸರಿಯೆನಿಸುತ್ತದೆ, ಒಂದು ದಿನದ ಕೂಲಿ ಉಳಿಯುತ್ತದೆ.

ಸಹೋದರರೇ, ಆ ದಂಡದ ರಶೀದಿಯ ಹಿಂದೆ ಒಂದು ಅಪರಾಧ ನಿರ್ಣಯವಿದೆ. ನಮ್ಮ ಹುಡುಗರ ಕನಸು ಏನು? ಪೊಲೀಸ್ ಪೇದೆಯ ಹುದ್ದೆ, ಸಾರಿಗೆ ಸಂಸ್ಥೆಯ ನೌಕರಿ, ಇಲ್ಲವೇ ಸೌದಿ, ದುಬೈ. ಇವೆಲ್ಲಕ್ಕೂ ಪೊಲೀಸ್ ಪರಿಶೀಲನೆ ಇದೆ. ಇಪ್ಪತ್ತನೇ ವಯಸ್ಸಿನಲ್ಲಿ ಐದು ಸಾವಿರ ರೂಪಾಯಿಗೆ ಮುಗಿಸಿದ ಪ್ರಕರಣ ಇಪ್ಪತ್ತೈದನೇ ವಯಸ್ಸಿನಲ್ಲಿ ಕಡತದಿಂದ ಎದ್ದು ಬರುತ್ತದೆ. ಅಲ್ಲದೆ 31ನೇ ಕಲಮಿನ ಪ್ರಕಾರ, ಒಮ್ಮೆ ಶಿಕ್ಷೆಯಾದವನಿಗೆ ಅಷ್ಟೇ ಶಿಕ್ಷೆಯ ಅಪರಾಧದಲ್ಲಿ ಮತ್ತೆ ಶಿಕ್ಷೆಯಾದರೆ ಗರಿಷ್ಠ ಅವಧಿ ಒಂದೂವರೆ ಪಟ್ಟಾಗುತ್ತದೆ. ಆದ್ದರಿಂದ ಒಪ್ಪಿಕೊಳ್ಳುವ ಮುನ್ನ ಬೇರೆ ಬಾಗಿಲುಗಳಿವೆಯೇ ಎಂದು ನೋಡಬೇಕು. ಇವೆ.

ಮೊದಲನೆಯದು 64ಎ ಕಲಂ. ವ್ಯಸನಿಯಾದವನು, ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತವನು, ತಾನಾಗಿಯೇ ಮುಂದೆ ಬಂದು ಸರಕಾರಿ ಅಥವಾ ಸರಕಾರದ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ವ್ಯಸನಮುಕ್ತಿ ಚಿಕಿತ್ಸೆ ಪಡೆದರೆ ಆತನನ್ನು ಪ್ರಾಸಿಕ್ಯೂಷನ್ನಿಗೆ ಗುರಿಪಡಿಸುವಂತಿಲ್ಲ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಈ ರಕ್ಷಣೆಯನ್ನು ಹಿಂತೆಗೆದುಕೊಳ್ಳಬಹುದು. ಇಲ್ಲಿ ಅಪರಾಧ ನಿರ್ಣಯವೇ ಆಗುವುದಿಲ್ಲ. ಈ ಕಲಮಿನ ಬಗ್ಗೆ ಕೇಳಿದ್ದೀರಾ ಎಂದು ನಾನು ವಿಚಾರಿಸಿದ ತಂದೆ ತಾಯಂದಿರಲ್ಲಿ ಒಬ್ಬರಿಗೂ ಇದರ ಸುದ್ದಿ ತಿಳಿದಿರಲಿಲ್ಲ. ಎರಡನೆಯದು 39ನೇ ಕಲಂ. ಇದರಲ್ಲಿ ಅಪರಾಧ ಸಾಬೀತಾದ ನಂತರವೂ ನ್ಯಾಯಾಲಯ ವ್ಯಸನಿಯನ್ನು ಜೈಲಿಗೆ ಕಳುಹಿಸದೆ, ಆತನ ಒಪ್ಪಿಗೆಯ ಮೇಲೆ ಮುಚ್ಚಳಿಕೆ ಬರೆಸಿಕೊಂಡು ಚಿಕಿತ್ಸೆಗೆ ಕಳುಹಿಸಬಹುದು. ವೈದ್ಯರ ವರದಿಯನ್ನು ನೋಡಿ, ಎಚ್ಚರಿಕೆ ಕೊಟ್ಟು ಬಿಡಬಹುದು.

ಮೂರನೆಯದು ಪ್ರೊಬೇಷನ್. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ ಎನ್‌ಡಿಪಿಎಸ್ ಪ್ರಕರಣಗಳಿಗೆ ಸಾಮಾನ್ಯವಾಗಿ ಅನ್ವಯಿಸದೆಂದು 33ನೇ ಕಲಂ ಹೇಳುತ್ತದೆ. ಆದರೆ ಹದಿನೆಂಟು ವರ್ಷದೊಳಗಿನವರನ್ನೂ 27ನೇ ಕಲಮಿನ ಸೇವನೆಯ ಪ್ರಕರಣವನ್ನೂ ಅದೇ ಕಲಂ ಈ ನಿರ್ಬಂಧದಿಂದ ಹೊರಗಿಟ್ಟಿದೆ. ಪ್ರೊಬೇಷನ್ ಕಾಯ್ದೆಯ ಮೇಲೆ ಬಿಡುಗಡೆಯಾದವನಿಗೆ ಅಪರಾಧ ನಿರ್ಣಯದಿಂದ ಬರುವ ಅನರ್ಹತೆ ತಟ್ಟದೆಂದು ಅದರ 12ನೇ ಕಲಂ ಹೇಳುತ್ತದೆ. ದಂಡ ಕಟ್ಟಿ ಬಂದವನಿಗೂ ಪ್ರೊಬೇಷನ್ ಕೇಳಿ ಪಡೆದವನಿಗೂ ಇರುವ ವ್ಯತ್ಯಾಸ ಇದು. ಇಬ್ಬರೂ ಅಂದೇ ಮನೆಗೆ ಬರುತ್ತಾರೆ! ಇನ್ನು ಚೌಕಾಸಿ ಮನವಿ ಎಂಬುದೊಂದಿದೆ. ಏಳು ವರ್ಷದೊಳಗಿನ ಶಿಕ್ಷೆಯ ಪ್ರಕರಣಗಳಲ್ಲಿ, ಆರೋಪ ನಿಗದಿಯಾದ ಮೂವತ್ತು ದಿನಗಳೊಳಗೆ ಅರ್ಜಿ ಹಾಕಿದರೆ, ಮೊದಲ ಬಾರಿಯವನಿಗೆ ಗರಿಷ್ಠ ಶಿಕ್ಷೆಯ ಆರನೇ ಒಂದು ಭಾಗದಲ್ಲಿ ಮುಗಿಯಬಹುದು. ಅದೂ ಅಪರಾಧ ನಿರ್ಣಯವೇ ಆದ್ದರಿಂದ ನಾನದನ್ನು ಕೊನೆಯ ದಾರಿಯೆಂದು ಎಣಿಸುತ್ತೇನೆ.

ಹುಡುಗನಿಗೆ ಹದಿನೆಂಟು ತುಂಬಿಲ್ಲವಾದರೆ ಶಾಲೆಯ ದಾಖಲೆಯೊಂದಿಗೆ ಆ ದಿನವೇ ಓಡಿ. ಆತ ಬಾಲನ್ಯಾಯ ಮಂಡಳಿಯ ಮುಂದೆ ಹೋಗಬೇಕು. ಲಾಕಪ್ಪಿನಲ್ಲಾಗಲಿ ಜೈಲಿನಲ್ಲಾಗಲಿ ಇಡುವಂತಿಲ್ಲ.

ಚಿಕಿತ್ಸೆಯ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ವ್ಯಸನ ಬಿಡಿಸಲು ತಾಯಿತ ಕಟ್ಟಿಸುವವರು, ದರ್ಗಾದ ಅಂಗಳದಲ್ಲಿ ಮಗನನ್ನು ಸರಪಳಿಯಲ್ಲಿ ಬಿಗಿದಿಡುವವರು ನಮ್ಮಲ್ಲಿ ಇನ್ನೂ ಇದ್ದಾರೆ. ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರ ಮುಂಜಾನೆ ಬೆಂಕಿ ಬಿದ್ದಾಗ ಸರಪಳಿ ಬಿಚ್ಚಿಕೊಂಡು ಓಡಲಾರದೆ ಸುಟ್ಟುಹೋದವರು ಇಪ್ಪತ್ತೆಂಟು ಮಂದಿ ಮಾನಸಿಕ ರೋಗಿಗಳು. ನ್ಯಾಯಾಲಯ ಕೇಳುವುದು ವೈದ್ಯರ ದಾಖಲೆಯನ್ನು. ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಕಾಣಿ, ಬೆಂಗಳೂರಿನಲ್ಲಿ ನಿಮ್ಹಾನ್ಸ್, ಧಾರವಾಡದಲ್ಲಿ ಡಿಮ್ಹಾನ್ಸ್ ಇವೆ. 14446 ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ. ಪ್ರಕರಣ ದಾಖಲಾಗುವ ಮೊದಲೇ ಹೋದರೆ ಇನ್ನೂ ಒಳಿತು. ಹೊರರೋಗಿ ಚೀಟಿಯನ್ನು ಜೋಪಾನವಾಗಿಡಿ.

ಹೊಲದ ಮಾತನ್ನು ಈ ಊರಿನಲ್ಲಿ ಹೇಳದೆ ಇರುವುದು ಸರಿಯಲ್ಲ. ಕೃಷ್ಣೆಯ ನೀರು ಬಂದ ಮೇಲೆ ಶಹಾಪುರ, ಸುರಪುರದ ಹೊಲಗಳಲ್ಲಿ ಹತ್ತಿ, ಮೆಣಸಿನಕಾಯಿ, ಭತ್ತ ತುಂಬಿದವು. ಹತ್ತಿ, ತೊಗರಿಯ ನಡುವೆ ನಾಲ್ಕು ಗಾಂಜಾ ಗಿಡ ಸಿಕ್ಕವೆಂಬ ಸುದ್ದಿಯನ್ನು ಪತ್ರಿಕೆಗಳಲ್ಲಿ ನೀವು ಓದಿಯೇ ಇರುತ್ತೀರಿ. ಬೆಳೆದ ಅಪರಾಧಕ್ಕೆ ಅಲ್ಪ ಪ್ರಮಾಣವೆಂಬ ವಿನಾಯಿತಿಯಿಲ್ಲ. ಎರಡು ಗಿಡವಾದರೂ ಹತ್ತು ವರ್ಷದವರೆಗೆ ಸಜೆ ಸಾಧ್ಯ. 37ನೇ ಕಲಮಿನ ಅಡ್ಡಿ ಇದಕ್ಕಿಲ್ಲದಿರುವುದರಿಂದ ಜಾಮೀನು ದೊರೆಯುವ ಸಾಧ್ಯತೆಯಿದೆ, ಅಷ್ಟೆ. ಹೊಲವನ್ನು ಪಾಲಿಗೋ ಲಾವಣಿಗೋ ಕೊಟ್ಟಿದ್ದರೆ, ಗಿಡ ಕಂಡೊಡನೆ ತಿಳಿಸುವ ಹೊಣೆ ಹೊಲದ ಒಡೆಯನ ಮೇಲಿದೆ. ಗೊತ್ತಿದ್ದೂ ಸುಮ್ಮನಿದ್ದರೆ ಅದೇ ಅಪರಾಧ. ಪಕ್ಕದ ಕಲಬುರಗಿ ಜಿಲ್ಲೆಯ ಕಾಳಗಿಯ ಬಳಿ ಕುರಿ ಸಾಕಣೆಯ ಶೆಡ್ಡಿನಲ್ಲಿ ಬೆಂಗಳೂರು ಪೊಲೀಸರು 2020ರ ಸೆಪ್ಟೆಂಬರ್‌ನಲ್ಲಿ 1,300 ಕಿಲೋಗೂ ಹೆಚ್ಚು ಗಾಂಜಾ ವಶಪಡಿಸಿಕೊಂಡದ್ದು ನಿಮಗೆ ನೆನಪಿರಬಹುದು. ಅಂತಹ ಸರಪಳಿಯಲ್ಲಿ ಕೆಳಗಿನ ಕೊಂಡಿ ಯಾವಾಗಲೂ ಒಬ್ಬ ಬಡ ಚಾಲಕ ಅಥವಾ ಕ್ಲೀನರ್.

ಅದೇ ತಿಂಗಳು ತಿಂಥಣಿಯ ಮೌನೇಶ್ವರ ಜಾತ್ರೆಯಲ್ಲಿ ಗಾಂಜಾವನ್ನು ಪ್ರಸಾದವಾಗಿ ಸೇದುವ ರೂಢಿಯ ಬಗ್ಗೆಯೂ ಪತ್ರಿಕೆಗಳಲ್ಲಿ ವರದಿಯಾಗಿತ್ತು. ನಮ್ಮವರು ಅದನ್ನು ಎತ್ತಿ ತೋರಿಸಿ ನಗುವ ಮೊದಲು ಉರೂಸಿನ ರಾತ್ರಿ ಕೆಲವು ದರ್ಗಾಗಳ ಹಿತ್ತಲಲ್ಲಿ ಚಿಲುಮೆ ಸುತ್ತುವುದನ್ನೂ ನೆನಪಿಸಿಕೊಳ್ಳಲಿ. ರೂಢಿಯೆಂಬ ಕಾರಣಕ್ಕೆ ಕಾಯ್ದೆ ಯಾರಿಗೂ ವಿನಾಯಿತಿ ಕೊಟ್ಟಿಲ್ಲ.

ಜಾಮೀನು ಸಿಗದೆ ವಿಚಾರಣಾಧೀನನಾಗಿ ಉಳಿದವನಿಗೂ ಒಂದು ದಾರಿಯಿದೆ. ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ, ಹಿಂದೆ ಎಂದೂ ಶಿಕ್ಷೆಗೊಳಗಾಗದ ಮೊದಲ ಬಾರಿಯ ಆರೋಪಿಯು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗವನ್ನು ಸೆರೆಯಲ್ಲಿ ಕಳೆದಿದ್ದರೆ ಬಿಡುಗಡೆಗೆ ಅವಕಾಶ ನೀಡಿದೆ. ಹತ್ತು ವರ್ಷದ ಪ್ರಕರಣದಲ್ಲಿ ಅದು ಮೂರು ವರ್ಷ ನಾಲ್ಕು ತಿಂಗಳು. ಬೇರೆ ಪ್ರಕರಣಗಳು ಬಾಕಿಯಿದ್ದರೆ ಇದು ದೊರೆಯದು. ವಾಣಿಜ್ಯ ಪ್ರಮಾಣದ ಪ್ರಕರಣದಲ್ಲಿಯೂ, ಏಳು ವರ್ಷಕ್ಕೂ ಹೆಚ್ಚು ಕಾಲ ವಿಚಾರಣೆ ಮುಗಿಯದೆ ಕೊಳೆಯುತ್ತಿದ್ದ ಯುವಕನೊಬ್ಬನಿಗೆ 2023ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಜಾಮೀನು ನೀಡಿ, ಅನುಚಿತ ವಿಳಂಬವಾದಾಗ 37ನೇ ಕಲಂ ಅಡ್ಡ ಬರದೆಂದು ಹೇಳಿತು.

ಜಾಮೀನಿನ ಆದೇಶ ಬಂದೂ ಹೊರಬರಲಾಗದವರದ್ದು ಬೇರೆಯೇ ಗೋಳು. ಹೊಣೆಗಾರರಾಗಿ ನಿಲ್ಲಲು ಪಹಣಿ ಇರುವ ಒಬ್ಬ ಬಂಧುವೂ ಮುಂದೆ ಬರುವುದಿಲ್ಲ. ಬಡ ಕೈದಿಗಳಿಗೆ ನೆರವಾಗಲು ಕೇಂದ್ರ ಸರಕಾರ 2023ರಲ್ಲಿ ತಂದ ಯೋಜನೆಯ ನಿಯಮಾವಳಿ ಎನ್‌ಡಿಪಿಎಸ್ ಆರೋಪಿಗಳನ್ನು ಹೊರಗಿಟ್ಟಿತು. ಆದರೆ ಅದೇ ವರ್ಷದ ಜನವರಿ 31ರ ಸುಪ್ರೀಂ ಕೋರ್ಟ್ ನಿರ್ದೇಶನದ ಪ್ರಕಾರ, ಆದೇಶವಾಗಿ ಒಂದು ತಿಂಗಳಾದರೂ ಹೊಣೆ ಒದಗಿಸಲಾಗದಿದ್ದರೆ ಷರತ್ತನ್ನು ಸಡಿಲಿಸುವ ಬಗ್ಗೆ ನ್ಯಾಯಾಲಯ ಪರಿಶೀಲಿಸಬಹುದು. ಮದುವೆ ಮನೆಗೆ ಶಾಮಿಯಾನ ಹಾಕಿಸಿಕೊಡುವ ನಮ್ಮ ಜಮಾಅತ್‌ಗಳು ಒಬ್ಬ ಹೊಣೆಗಾರನನ್ನು ಒದಗಿಸಿಕೊಡಲಾರವೇ?

ಇದಕ್ಕೆ ಜಮಾಅತ್‌ನ ಹಿರಿಯರು ಕೊಡುವ ಉತ್ತರ ನನಗೆ ಗೊತ್ತು. “ಇಂಥವರ ಪರ ನಿಂತರೆ ಸಮುದಾಯಕ್ಕೇ ಕೆಟ್ಟ ಹೆಸರು” ಎನ್ನುತ್ತಾರೆ. 2021ರ ಸೆಪ್ಟೆಂಬರ್‌ನಲ್ಲಿ ಕೇರಳದ ಪಾಲಾದ ಬಿಷಪರೊಬ್ಬರು ‘ನಾರ್ಕೋಟಿಕ್ ಜಿಹಾದ್’ ಎಂಬ ಪದವನ್ನು ಹರಿಯಬಿಟ್ಟ ನಂತರ ಈ ಭಯ ಇನ್ನಷ್ಟು ಹೆಚ್ಚಿದೆ. ಆ ಪದ ಎಷ್ಟು ಅನ್ಯಾಯದ್ದೋ, ಅದಕ್ಕೆ ಹೆದರಿ ನಮ್ಮ ಮಗನನ್ನು ವಕೀಲರಿಲ್ಲದೆ ಬಿಟ್ಟುಬಿಡುವುದೂ ಅಷ್ಟೇ ಅನ್ಯಾಯದ್ದು. ಮಾರುವವನನ್ನು ಬಚ್ಚಿಡಬೇಕೆಂದು ನಾನು ಹೇಳುತ್ತಿಲ್ಲ. ನಮ್ಮ ಓಣಿಯಲ್ಲಿ ಹುಡುಗರಿಗೆ ಪೊಟ್ಟಣ ಹಂಚುವವನು ಯಾರೆಂದು ಗೊತ್ತಿದ್ದರೆ, ಅವನು ಮುತವಲ್ಲಿಯ ಭಾವಮೈದುನನಾದರೂ, ಠಾಣೆಗೆ ತಿಳಿಸಬೇಕು. ಮಾರುವವನೂ ಸೇದುವ ಹುಡುಗನೂ ಒಂದೇ ಅಲ್ಲವೆಂದು ಕಾಯ್ದೆಯೇ ಬೇರ್ಪಡಿಸಿರುವಾಗ ನಾವು ಇಬ್ಬರನ್ನೂ ಒಂದೇ ಚೀಲಕ್ಕೆ ತುಂಬುವುದೇಕೆ?

ಹಣವಿಲ್ಲದವರು ಮಧ್ಯವರ್ತಿಯ ಕೈಗೆ ಎತ್ತು ಮಾರಿದ ದುಡ್ಡು ಕೊಡಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಂತೆ ಬಂಧನದಲ್ಲಿರುವ ಪ್ರತಿಯೊಬ್ಬನಿಗೂ, ಆತನ ವರಮಾನ ಎಷ್ಟೇ ಇರಲಿ, ಉಚಿತ ವಕೀಲರ ಹಕ್ಕಿದೆ. ತಾಲೂಕು ಸಮಿತಿ ಶಹಾಪುರದ ನ್ಯಾಯಾಲಯದಲ್ಲಿ, ಜಿಲ್ಲಾ ಪ್ರಾಧಿಕಾರ ಯಾದಗಿರಿಯಲ್ಲಿ. ಬೇರೆ ಊರಿನಲ್ಲಿ ಬಂಧನವಾಗಿದ್ದರೆ 15100ಕ್ಕೆ ಕರೆ ಮಾಡಿದರೆ ಅಲ್ಲಿಯ ಪ್ರಾಧಿಕಾರಕ್ಕೆ ದಾರಿ ತೋರಿಸುತ್ತಾರೆ.

ಆ ಹಿರಿಯರಿಗೂ ನಾನು ಆ ನಂಬರನ್ನೇ ಬರೆದುಕೊಟ್ಟೆ. ಬೆಂಗಳೂರಿನಲ್ಲಿ ಉಚಿತವಾಗಿ ಸಿಕ್ಕ ವಕೀಲೆ ಪಂಚನಾಮೆಯಲ್ಲಿದ್ದ ಚೀಲದ ತೂಕವನ್ನೂ ಹುಡುಗನ ಮೇಲೆ ಹಿಂದೆ ಯಾವ ಪ್ರಕರಣವೂ ಇಲ್ಲದ್ದನ್ನೂ ಎತ್ತಿ ವಾದಿಸಿದರು. ಐದನೇ ತಿಂಗಳಲ್ಲಿ ಜಾಮೀನಾಯಿತು. ಹೊಣೆಗಾರನಾಗಿ ನಿಂತವರು ಊರಿನ ಲಿಂಗಾಯತ ರೈತರೊಬ್ಬರು. ಆ ಮನೆಯಲ್ಲಿ ಹುಡುಗನ ತಂದೆ ಇಪ್ಪತ್ತು ವರ್ಷ ದುಡಿದಿದ್ದರು. ಪ್ರಕರಣ ಇನ್ನೂ ಮುಗಿದಿಲ್ಲ. ವಾಯಿದೆಯ ದಿನ ತಂದೆ ಮಗ ಇಬ್ಬರೂ ಬೆಂಗಳೂರಿನ ರಾತ್ರಿ ಬಸ್ಸು ಹತ್ತುತ್ತಾರೆ. ಕಳೆದ ಬಾರಿ ಭೀ.ಗುಡಿಯ ಬಸ್ ನಿಲ್ದಾಣದಲ್ಲಿ ಸಿಕ್ಕಿದ್ದರು. ಮುಂದಿನ ವಾಯಿದೆಯ ತಾರೀಖನ್ನು ಹುಡುಗನೇ ನನಗೆ ಹೇಳಿದ, ತಂದೆ ಅಂಗಿಯ ಜೇಬಿನಿಂದ ಚೀಟಿ ತೆಗೆದು ಸರಿಯಿದೆಯೇ ಎಂದು ನೋಡಿಕೊಂಡರು.